ಮುಧೋಳದ ನಾಯಿಯ ಆರೈಕೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಹಳ್ಳಿಯಿದೆ. ಅಲ್ಲಿ ದೊರೆತ ಒಂದು ವೀರಗಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕತ್ತಿ ಹಿಡಿದ ಯೋಧನ ಚಿತ್ರವಿರುವುದು ವಾಡಿಕೆ. ಆತಕೂರಿನ ಕಲ್ಲಿನಲ್ಲಿ ಯೋಧನಿಲ್ಲ. ಒಂದು ನಾಯಿ ಮತ್ತು ಒಂದು ಹಂದಿ ಪರಸ್ಪರ ಸೆಣಸುತ್ತಿವೆ. ಹತ್ತನೆಯ ಶತಮಾನದ ನಡುಭಾಗಕ್ಕೆ ಸೇರಿದ ಈ ಶಾಸನ ಹೇಳುವ ಕಥೆ ಹೀಗಿದೆ: ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಅರಸ ಇಮ್ಮಡಿ ಬೂತುಗನ ಸೇವಕನಾದ ಮಣಲೇರನು ಆ ಯುದ್ಧದಲ್ಲಿ ವೀರಾವೇಶದಿಂದ ಹೋರಾಡಿದನು. ಮೆಚ್ಚಿದ ಚಕ್ರವರ್ತಿಯು ಬೇಕಾದುದನ್ನು ಕೇಳೆಂದಾಗ ಮಣಲೇರನು ಹೊನ್ನನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಾಳಿಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಅನುಭವಿಸುತ್ತ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಪೂಜಾರಿಗೆ ಪಾಪ ತಗಲುವುದೆಂದೂ ಶಾಸನವು ಎಚ್ಚರಿಸುತ್ತದೆ.

ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ನಾಯಿಯೊಂದಕ್ಕೆ ಇಷ್ಟು ದೊಡ್ಡ ಗೌರವ ಸಂದಿತು. ಸತ್ತ ಮೇಲೆ ಸಲ್ಲಿಸಿದ ಗೌರವ ಅದು. ಬದುಕಿರುವ ನಾಯಿಗೆ ಅದನ್ನು ಸಾಕಿದವನು ಸಲ್ಲಿಸಬೇಕಾದ ಋಣ ಯಾವುದು ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಇಂದು ಕರ್ನಾಟಕದ ಹೆಮ್ಮೆಯೆಂದು ಹೇಳಿಕೊಳ್ಳುವ ಮುಧೋಳದ ನಾಯಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ವಿಶೇಷವಾಗಿ ಕೇಳಿಕೊಳ್ಳಬೇಕಾಗಿದೆ.

ಬೇಟೆನಾಯಿಗಳಲ್ಲಿ ಸ್ಥೂಲವಾಗಿ ಎರಡು ಬಗೆ. ನೆಲವನ್ನು ಮೂಸುತ್ತ, ವಾಸನೆಯ ಜಾಡು ಹಿಡಿದು ಹೋಗುವವು ಒಂದು ಬಗೆ. ದೂರದಲ್ಲಿ ಅಲುಗಾಡುವ ಪ್ರಾಣಿಯನ್ನು ಕಣ್ಣಿನಿಂದಲೇ ಕಂಡು, ಬೆನ್ನಟ್ಟಿ ಹಿಡಿಯುವವು ಇನ್ನೊಂದು ಬಗೆ. ಇಂಗ್ಲೆಂಡಿನ ಗ್ರೇಹೌಂಡ್, ಅರಬ್ ನಾಡುಗಳ ಸಲೂಕಿ, ಉತ್ತರ ಪ್ರದೇಶದ ರಾಂಪುರ ನಾಯಿ, ನಮ್ಮ ಮುಧೋಳದ ನಾಯಿ, ಇವೆಲ್ಲ ಎರಡನೆಯ ಬಗೆಗೆ ಸೇರಿದವು. ಮಧ್ಯ ಏಷ್ಯಾ ಮತ್ತು ಅರಬ್ ನಾಡುಗಳಿಂದ ವರ್ತಕರೂ ಸೈನಿಕರೂ ತಂದ ಸಲೂಕಿಯಂಥ ನಾಯಿಗಳು ದಖ್ಖನ್ ಪ್ರಸ್ಥಭೂಮಿಯ ನಾಯಿಗಳೊಡನೆ ಬೆರೆತು ಮುಧೋಳದ ತಳಿ ರೂಪುಗೊಂಡಿತೆಂದು ನಂಬಲಾಗಿದೆ. ಮಹಾರಾಷ್ಟ್ರದ ಕಡೆ ಇದನ್ನೇ ಕಾರವಾನ್ ನಾಯಿ ಎನ್ನುತ್ತಾರೆ. ಕವಿಚಕ್ರವರ್ತಿ ರನ್ನನ ಹುಟ್ಟೂರಾದ ಮುಧೋಳ ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಲ್ಲಿನ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿಗೆ ವಿಶೇಷ ಪ್ರೋತ್ಸಾಹವಿತ್ತರು. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳದ ನಾಯಿಗೂ ಸ್ಥಾನ ಲಭಿಸಿತು. 2016ರಲ್ಲಿ ಭಾರತೀಯ ಸೇನೆಯು ಈ ತಳಿಯ ಕೆಲವು ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಕರೆದೊಯ್ದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ತಳಿಯ ಶುದ್ಧತೆಯನ್ನು ಕಾಪಾಡುವ ಕಾರ್ಯದಲ್ಲಿ ತೊಡಗಿದೆ.

ಇಷ್ಟೊಂದು ಪ್ರಸಿದ್ಧಿ ಬಂದಮೇಲೆ ಮುಧೋಳದ ಮರಿಗಳು ತಮ್ಮ ಸೀಮೆಯನ್ನು ದಾಟಿ ದೂರದ ಊರುಗಳಿಗೂ ಹೋಗತೊಡಗಿದುದು ಸಹಜವೇ. ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ರೈತನೊಬ್ಬನ ಮನೆಗೆ ಅಂಥದೊಂದು ಮರಿ ಬಂದಿದೆಯೆಂದು ಭಾವಿಸೋಣ. ಕುದೂರು ಹೋಬಳಿ ಕೇಂದ್ರ. ಸನಿಹದಲ್ಲಿ ಭೈರವದುರ್ಗದ ಬಂಡೆಬೆಟ್ಟ. ಸುತ್ತಲೂ ರಾಗಿಯ ಹೊಲ, ತೆಂಗು ಅಡಿಕೆಗಳ ತೋಟ, ನಡುನಡುವೆ ಕುರುಚಲು ಕಾಡು. ಮುಧೋಳದ ಬಯಲುಸೀಮೆಯಲ್ಲಿ ಬೆಳೆದುಬಂದ ತಳಿಗೆ ಇದು ಹೊಸ ನಾಡು. ಇಲ್ಲಿ ಅದು ಸುಖವಾಗಿ ಬಾಳಬೇಕಾದರೆ ಮನೆಯವರು ಮೊದಲು ಅದರ ಮೈಕಟ್ಟನ್ನೂ ಸ್ವಭಾವವನ್ನೂ ಅರಿತುಕೊಳ್ಳಬೇಕು.

ಈ ನಾಯಿಯ ದೇಹದ ಒಂದೊಂದು ಅಂಗವೂ ಓಟಕ್ಕೆಂದೇ ರೂಪುಗೊಂಡಿದೆ. ಉದ್ದವಾದ ಕಿರಿದಾದ ತಲೆ, ನೀಳವಾದ ಕೊರಳು, ಆಳವಾದ ಎದೆ, ಒಳಕ್ಕೆ ಸೇರಿಕೊಂಡ ಹೊಟ್ಟೆ, ಬಿಲ್ಲಿನಂತೆ ಬಾಗಬಲ್ಲ ಬೆನ್ನು, ತೆಳುವಾದ ಉದ್ದ ಕಾಲುಗಳು. ಆಳವಾದ ಎದೆಯಲ್ಲಿ ದೊಡ್ಡ ಹೃದಯಕ್ಕೂ ಶ್ವಾಸಕೋಶಗಳಿಗೂ ಎಡೆಯಿದೆ. ವೇಗವಾಗಿ ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಬಾರಿ ಇದರ ನಾಲ್ಕು ಪಾದಗಳೂ ನೆಲವನ್ನು ಬಿಟ್ಟು ಗಾಳಿಯಲ್ಲಿರುತ್ತವೆ. ಗ್ರೇಹೌಂಡ್ ಅಲ್ಪ ದೂರವನ್ನು ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮುಧೋಳದ ನಾಯಿಯ ವೇಗ ಅದಕ್ಕಿಂತ ಸ್ವಲ್ಪ ಕಡಿಮೆಯಾದರೂ ದಣಿವನ್ನು ತಾಳುವ ಶಕ್ತಿಗೆ ಅದು ಹೆಸರಾಗಿದೆ. ಮೈಮೇಲೆ ಕೊಬ್ಬು ಅತ್ಯಲ್ಪ, ಚರ್ಮ ತೆಳು, ಕೂದಲು ಗಿಡ್ಡ. ಓಟಕ್ಕೆ ಭಾರವಾಗುವ ಯಾವುದನ್ನೂ ಈ ದೇಹ ಇಟ್ಟುಕೊಂಡಿಲ್ಲ. ಹಾಗೆ ಬಿಟ್ಟುಕೊಟ್ಟ ಕೊಬ್ಬು ಕೂದಲುಗಳೇ ಚಳಿ, ಗಾಯ, ಗಟ್ಟಿನೆಲಗಳಿಂದ ಇತರ ನಾಯಿಗಳನ್ನು ಕಾಪಾಡುವಂಥವು. ಆದುದರಿಂದ ಆ ಕೊರತೆಯನ್ನು ಸಾಕುವವನು ತನ್ನ ಎಚ್ಚರದಿಂದ ತುಂಬಿಕೊಡಬೇಕಾಗುತ್ತದೆ. ಈ ನಾಯಿಯ ಆರೈಕೆಯ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಮೊದಲನೆಯದು ಹಗ್ಗದ ನಿಯಮ. ಮುಧೋಳದ ನಾಯಿ ಎಷ್ಟೇ ವಿಧೇಯವಾಗಿದ್ದರೂ ಬೇಲಿಯಿಲ್ಲದ ಬಯಲಿನಲ್ಲಿ ಅದನ್ನು ಬಿಚ್ಚಿ ಬಿಡಬಾರದು. ಮನೆಯಂಗಳದಲ್ಲಿ ಕರೆದೊಡನೆ ಬರುವ ನಾಯಿಯೇ, ಹೊಲದಂಚಿನಲ್ಲಿ ಮೊಲವೊಂದು ಹಾರಿದುದನ್ನು ಕಂಡರೆ ಯಜಮಾನನ ಕೂಗನ್ನು ಕೇಳಿಸಿಕೊಳ್ಳುವುದಿಲ್ಲ. ಇದು ಹಟವಲ್ಲ, ನೂರಾರು ವರ್ಷಗಳ ಕಾಲ ಮನುಷ್ಯನೇ ಆರಿಸಿ ಬೆಳೆಸಿದ ಗುಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಯಜಮಾನನು ಎರಡು ಬಾರಿ ಅದರ ಹೆಸರನ್ನು ಕೂಗುವಷ್ಟರಲ್ಲಿ ಅದು ಎಪ್ಪತ್ತು ಮೀಟರ್ ದಾಟಿರುತ್ತದೆ. ಆಗ ಅದರ ದೃಷ್ಟಿಯೆಲ್ಲ ಮುಂದೆ ಓಡುವ ಪ್ರಾಣಿಯ ಮೇಲೆ ನೆಟ್ಟಿರುವುದರಿಂದ ಅಡ್ಡ ಬರುವ ಮುಳ್ಳುತಂತಿಯಾಗಲಿ, ರಸ್ತೆಯ ಲಾರಿಯಾಗಲಿ ಅದಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಕುದೂರಿನಂಥ ಸೀಮೆಯಲ್ಲಿ ಅಪಾಯಗಳು ಇನ್ನೂ ಹಲವು. ಕಟ್ಟೆಯಿಲ್ಲದ ಹಳೆಯ ಬಾವಿಗಳು ಹೊಲಗಳ ನಡುವೆ ಬಾಯಿ ತೆರೆದುಕೊಂಡಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ತೋಡಿದ ಕೃಷಿಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುತ್ತಾರೆ. ನೀರು ಕುಡಿಯಲು ಇಳಿದ ನಾಯಿ ಜಾರಿ ಬಿದ್ದರೆ ಅದರ ಉಗುರಿಗೆ ಹಿಡಿತ ಸಿಗದೆ, ಈಜಿ ಈಜಿ ದಣಿದು ಮುಳುಗುತ್ತದೆ. ಬೆಳೆ ಕಾಯಲು ಎಳೆದ ವಿದ್ಯುತ್ ತಂತಿ, ಕಾಡುಹಂದಿಗೆಂದು ಒಡ್ಡಿದ ಉರುಳು, ಹಿಟ್ಟಿನುಂಡೆಯೊಳಗೆ ಬಚ್ಚಿಟ್ಟ ಸಿಡಿಮದ್ದು ಇವು ಕಾನೂನಿಗೆ ವಿರುದ್ಧವಾದರೂ ಅಲ್ಲಲ್ಲಿ ಕಂಡುಬರುತ್ತವೆ. ಓಡಾಡುವ ನಾಯಿಗಳು ಅವಕ್ಕೆ ಬಲಿಯಾಗುತ್ತವೆ. ಮಾಗಡಿಯ ಬಂಡೆಬೆಟ್ಟಗಳು ಚಿರತೆಯ ನೆಲೆಗಳೂ ಹೌದು. ಊರಂಚಿಗೆ ಬರುವ ಚಿರತೆಗೆ ನಾಯಿ ಸುಲಭವಾದ ಆಹಾರ. ಹಟ್ಟಿಯ ಕಂಬಕ್ಕೆ ಸರಪಳಿಯಿಂದ ಬಿಗಿದ ನಾಯಿಯಂತೂ ಓಡಲೂ ಆಗದೆ ಸಿಕ್ಕಿಬೀಳುತ್ತದೆ. ಮನೆ ಕಾಯಲೆಂದು ನಾಯಿಯನ್ನು ಇರುಳೆಲ್ಲ ಹೊರಗೆ ಕಟ್ಟುವ ಪದ್ಧತಿಯನ್ನು ಇಂಥ ಊರುಗಳಲ್ಲಿ ಕೈಬಿಡುವುದೇ ವಿವೇಕ. ಕತ್ತಲಾಗುವ ಮೊದಲೇ ಅದನ್ನು ಮನೆಯೊಳಗೋ, ಮೇಲ್ಭಾಗವನ್ನೂ ಮುಚ್ಚಿದ ಭದ್ರವಾದ ಗೂಡಿಗೋ ಸೇರಿಸಬೇಕು.

ಹಗ್ಗವನ್ನು ಕಟ್ಟುವ ಕೊರಳಪಟ್ಟಿಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಬೇರೆ ನಾಯಿಗಳ ತಲೆ ಕೊರಳಿಗಿಂತ ದಪ್ಪವಾಗಿರುವುದರಿಂದ ಪಟ್ಟಿ ಕಳಚುವುದಿಲ್ಲ. ಮುಧೋಳದ ನಾಯಿಯ ತಲೆ ಕಿರಿದು. ಅದು ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟು ಕಿವಿಯ ಮೇಲಿಂದ ಜಾರಿ ಕೈಗೆ ಬರುತ್ತದೆ, ನಾಯಿ ಬೀದಿಗೆ ಹೋಗುತ್ತದೆ. ಕಳಚದಿರಲೆಂದು ಅತಿ ಬಿಗಿಯಾಗಿ ಕಟ್ಟಿದರೆ ಉಸಿರಿಗೆ ತೊಂದರೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವ ಅಗಲವಾದ ಪಟ್ಟಿಗಳು ಪೇಟೆಯಲ್ಲಿ ದೊರೆಯುತ್ತವೆ. ಅವೇ ಇದಕ್ಕೆ ತಕ್ಕವು. ಕಬ್ಬಿಣದ ಸರಪಳಿಯೂ ಸಣ್ಣ ಹುರಿಯೂ ತೆಳುಚರ್ಮವನ್ನು ಕೊಯ್ಯುತ್ತವೆ. ಹಗ್ಗ ಬಹಳ ಉದ್ದವಾಗಿಯೂ ಇರಬಾರದು. ನಾಲ್ಕೈದು ನೆಗೆತಗಳಲ್ಲಿಯೇ ಪೂರ್ಣವೇಗವನ್ನು ಪಡೆಯುವ ನಾಯಿ ಹಗ್ಗದ ತುದಿಯಲ್ಲಿ ಜಗ್ಗಿ ನಿಂತರೆ ಅದರ ಕೊರಳಿಗೂ ಹಿಡಿದವನ ತೋಳಿಗೂ ಪೆಟ್ಟಾಗುತ್ತದೆ.

ಹಗ್ಗದಲ್ಲಿ ಹಿಡಿದ ಮಾತ್ರಕ್ಕೆ ಓಟವನ್ನೇ ತಪ್ಪಿಸಬೇಕೆಂದು ಅರ್ಥವಲ್ಲ. ಓಟ ಅದರ ಜೀವ. ದಿನಕ್ಕೆ ಎರಡು ಬಾರಿ ದೀರ್ಘವಾದ ನಡಿಗೆ, ವಾರದಲ್ಲಿ ಕೆಲವು ಸಲ ಆಳೆತ್ತರದ ಬೇಲಿಯಿರುವ ತೋಟದಲ್ಲೋ ಮುಚ್ಚಿದ ಮೈದಾನದಲ್ಲೋ ಮನಸಾರೆ ಓಟ, ಇವು ದೊರೆತರೆ ಉಳಿದ ಹೊತ್ತೆಲ್ಲ ಅದು ಮನೆಯ ಮೂಲೆಯಲ್ಲಿ ಶಾಂತವಾಗಿ ಮಲಗಿರುತ್ತದೆ. ದಿನವಿಡೀ ಕಟ್ಟಿಹಾಕಿದ ನಾಯಿ ಕೆರಳುತ್ತದೆ, ಕಚ್ಚುತ್ತದೆ. ಆಮೇಲೆ ಅದಕ್ಕೆ ಕೆಟ್ಟ ನಾಯಿಯೆಂಬ ಹೆಸರು ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯು, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನು ಸ್ಪಷ್ಟವಾಗಿ ಕ್ರೌರ್ಯವೆಂದು ಹೇಳಿದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಕಾನೂನನ್ನೂ ನೆನೆಯಬೇಕು. ಬೇಟೆನಾಯಿಯನ್ನು ಸಾಕಿದ ಮೇಲೆ ಬೇಟೆಯಾಡಿಸದಿದ್ದರೆ ಹೇಗೆ ಎನ್ನುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲ, ನವಿಲು ಮೊದಲಾದ ವನ್ಯಜೀವಿಗಳನ್ನು ಕೊಲ್ಲುವುದು ಅಪರಾಧ. ಬಂದೂಕು ಹಿಡಿಯದೆ, ನಾಯಿಗಳನ್ನು ಬಿಟ್ಟು ಬೆನ್ನಟ್ಟಿಸುವುದೂ ಆ ಕಾಯಿದೆಯ ಅರ್ಥದಲ್ಲಿ ಬೇಟೆಯೇ. ನಾಯಿಗೆ ಕಾನೂನು ತಿಳಿಯದು. ಹಗ್ಗವನ್ನು ಬಿಚ್ಚಿದ ಕೈಗೆ ತಿಳಿದಿರಬೇಕು. ಮಣಲೇರನ ಕಾಲದಲ್ಲಿ ಬೇಟೆ ಪರಾಕ್ರಮದ ಗುರುತಾಗಿತ್ತು. ಕಾಡು ಕ್ಷೀಣಿಸಿ ಮೃಗಗಳು ವಿರಳವಾಗಿರುವ ಈ ಕಾಲದಲ್ಲಿ ಅದು ಪರಾಕ್ರಮವಾಗಲಾರದು. ಚಿಂದಿಬಟ್ಟೆಯನ್ನು ಕೋಲಿನ ತುದಿಗೆ ಕಟ್ಟಿ, ಬೇಲಿಯೊಳಗೆ ವೃತ್ತಾಕಾರವಾಗಿ ಬೀಸಿದರೂ ಈ ನಾಯಿ ಅದೇ ಹುರುಪಿನಿಂದ ಬೆನ್ನಟ್ಟಿ ಆಡುತ್ತದೆ.

ಎರಡನೆಯದು ಹಾಸಿಗೆ ಮತ್ತು ಹವೆಯ ವಿಚಾರ. ಮೂಳೆ ಮತ್ತು ಚರ್ಮದ ನಡುವೆ ಕೊಬ್ಬಿನ ಮೆತ್ತೆಯಿಲ್ಲದ ಕಾರಣ ಸಿಮೆಂಟಿನ ನೆಲದ ಮೇಲೆ ನಿತ್ಯ ಮಲಗುವ ನಾಯಿಯ ಮೊಣಕೈ ಮತ್ತು ಸೊಂಟದ ಮೂಳೆಯ ಬಳಿ ಚರ್ಮ ದಡ್ಡುಗಟ್ಟಿ, ಕೂದಲುದುರಿ, ಕಡೆಗೆ ಹುಣ್ಣಾಗುತ್ತದೆ. ಹಳೆಯ ಕಂಬಳಿಯನ್ನು ನಾಲ್ಕು ಪದರ ಮಡಿಸಿ ಹಾಸಿದರೆ, ಅಥವಾ ಗೋಣಿಚೀಲಕ್ಕೆ ಒಣಹುಲ್ಲನ್ನು ತುಂಬಿ ಹೊಲಿದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಬೇಕಿಲ್ಲ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೆ ಉಣ್ಣೆ ಚಿಗಟಗಳೂ ಕಡಿಮೆಯಾಗುತ್ತವೆ. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ನಾಯಿ ಮೈಮುದುಡಿ ನಡುಗುತ್ತಿದ್ದರೆ ಹಳೆಯ ಕಂಬಳಿಯ ತುಂಡನ್ನು ಬೆನ್ನ ಮೇಲಿಂದ ಹೊದಿಸಿ ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಬಹುದು.

ಚಳಿಗಿಂತ ಬಿಸಿಲು ಹೆಚ್ಚು ಅಪಾಯಕಾರಿ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ನಾಲಗೆ ಚಾಚಿ ಏದುವುದರಿಂದಲೇ ಅದು ಮೈಯ ಕಾವನ್ನು ಕಳೆದುಕೊಳ್ಳಬೇಕು. ಆರೋಗ್ಯವಂತ ನಾಯಿಯ ಮೈಕಾವು ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಜೋರಾಗಿ ಓಡಿದ ಗ್ರೇಹೌಂಡಿನ ಮೈಕಾವು ಕೆಲವೇ ನಿಮಿಷಗಳಲ್ಲಿ 41 ಡಿಗ್ರಿಯನ್ನು ಮುಟ್ಟುವುದುಂಟು. ಅದರ ಮೇಲೆ ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲೂ ಸೇರಿದರೆ ಪ್ರಾಣಕ್ಕೇ ಅಪಾಯ. ಆದಕಾರಣ ಬೇಸಗೆಯಲ್ಲಿ ಓಟವೂ ನಡಿಗೆಯೂ ಬೆಳಗಿನ ಎಳೆಬಿಸಿಲಿಗೆ ಮುಂಚೆ, ಅಥವಾ ಸಂಜೆ ನೆಲ ಆರಿದ ಬಳಿಕ. ಡಾಂಬರಿನ ಮೇಲೆ ಹಿಂಗೈಯನ್ನು ಏಳೆಂಟು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದವೂ ಅದನ್ನು ತಾಳಲಾರದು. ನಾಯಿ ಅತಿಯಾಗಿ ಏದುತ್ತ, ನಾಲಗೆ ಕಡುಕೆಂಪಾಗಿ, ಅಂಟಾದ ಜೊಲ್ಲು ಸುರಿಸುತ್ತ ತೂರಾಡಿದರೆ ಅದು ಬಿಸಿಲಿನ ಆಘಾತ. ತಕ್ಷಣ ನೆರಳಿಗೆ ತಂದು ಮೈಮೇಲೆ ತಣ್ಣೀರನ್ನು ಸುರಿದು ಗಾಳಿ ಬೀಸಬೇಕು. ಕುಡಿಯಬಲ್ಲದಾದರೆ ಸ್ವಲ್ಪಸ್ವಲ್ಪವಾಗಿ ನೀರು ಕೊಟ್ಟು, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಒದ್ದೆಗೋಣಿಯನ್ನು ಹೊದಿಸಿಬಿಡುವುದು ತಪ್ಪು. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ.

ಮೂರನೆಯದು ಆಹಾರ. ಮುಧೋಳದ ನಾಯಿಯನ್ನು ಮೊದಲ ಬಾರಿಗೆ ಕಂಡ ನೆರೆಯವರು, "ಏನಪ್ಪಾ, ನಾಯಿಗೆ ಹೊಟ್ಟೆಗೆ ಹಾಕೋದಿಲ್ವೆ?" ಎಂದು ಕೇಳುವುದು ಸಾಮಾನ್ಯ. ಕಡೆಯ ಎರಡು ಮೂರು ಪಕ್ಕೆಲುಬುಗಳು ಚರ್ಮದಡಿ ತುಸುವೇ ಕಾಣುವುದು ಈ ತಳಿಗೆ ಆರೋಗ್ಯದ ಲಕ್ಷಣ. ನೆರೆಯವರ ಮಾತಿಗೆ ನಾಚಿ ನಾಯಿಯನ್ನು ಕೊಬ್ಬಿಸಿದರೆ ತೆಳುವಾದ ಕಾಲುಗಳೇ ಆ ಭಾರವನ್ನು ಹೊರಬೇಕಾಗುತ್ತದೆ. ಆದರೆ ಬೆನ್ನುಮೂಳೆ, ಸೊಂಟದ ಮೂಳೆಗಳೆಲ್ಲ ಚೂಪಾಗಿ ಎದ್ದು ಕಂಡರೆ ಅದು ಹಸಿವಿನ ಅಥವಾ ಜಂತುಹುಳುವಿನ ಗುರುತು.

ಮಾಗಡಿ ಸೀಮೆಯಲ್ಲಿ ನಾಯಿಗೆ ರಾಗಿಮುದ್ದೆ ಹಾಕುವುದು ರೂಢಿ. ರಾಗಿ ಒಳ್ಳೆಯದೇ, ಆದರೆ ಬರಿಯ ಮುದ್ದೆಯಿಂದ ಓಡುವ ನಾಯಿಯ ಸ್ನಾಯುಗಳು ಬಲಿಯಲಾರವು. ಅದರೊಡನೆ ಬೇಯಿಸಿದ ಮೊಟ್ಟೆ, ಮಾಂಸ, ಮೊಸರು ಇವುಗಳಲ್ಲಿ ಯಾವುದಾದರೂ ಇರಬೇಕು. ಮನೆಯಲ್ಲಿ ಮಿಕ್ಕ ಸಾರಿನಲ್ಲಿ ಮುದ್ದೆಯನ್ನು ಕಲಸಿ ಹಾಕುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಸಾರಿನಲ್ಲಿರುವ ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಇವೂ ನಾಯಿಗೆ ವಿಷಕ್ಕೆ ಸಮಾನ. ಬೇಯಿಸಿದ ಕೋಳಿಮೂಳೆ ಸೀಳಿ ಚೂಪಾಗಿ ಕರುಳನ್ನು ಚುಚ್ಚುತ್ತದೆ.

ಊಟದ ಪದಾರ್ಥದಷ್ಟೇ ಊಟದ ವೇಳೆಯೂ ಮುಖ್ಯ. ಆಳವಾದ ಎದೆಯ ನಾಯಿಗಳಲ್ಲಿ, ತುಂಬಿದ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಭಯಂಕರ ವ್ಯಾಧಿಯೊಂದುಂಟು. ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ನಾಯಿ ವಾಂತಿಗೆ ಪ್ರಯತ್ನಿಸಿದರೂ ಏನೂ ಹೊರಬರದು. ನಿಲ್ಲಲಾರದೆ ಮಲಗಲಾರದೆ ಒದ್ದಾಡುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಅದು ಬದುಕುವುದಿಲ್ಲ. ಆದ್ದರಿಂದ ಒಂದೇ ದೊಡ್ಡ ಊಟದ ಬದಲು ಎರಡು ಸಣ್ಣ ಊಟಗಳನ್ನು ಕೊಡಬೇಕು. ಊಟದ ಹಿಂದೆ ಮುಂದೆ ಒಂದು ಗಂಟೆಯಷ್ಟು ಕಾಲ ಓಡಿಸಬಾರದು.

ನಾಲ್ಕನೆಯದು ಮೈಯ ಪರೀಕ್ಷೆ. ಬೇರೆ ನಾಯಿಗೆ ಗೀರಾಗುವ ಕಡೆ ಮುಧೋಳದ ನಾಯಿಯ ಚರ್ಮ ಹರಿದೇ ಹೋಗುತ್ತದೆ. ಮನೆಯ ಹುಡುಗರು ಪ್ರತಿದಿನ ಸಂಜೆ ಹತ್ತು ನಿಮಿಷ ಅದರ ಮೈಮೇಲೆ ಕೈಯಾಡಿಸಿದರೆ ಗಾಯಗಳೂ ಮುಳ್ಳುಗಳೂ ಅಂದಂದೇ ಗೊತ್ತಾಗುತ್ತವೆ. ನಾಯಿಗೂ ಸ್ಪರ್ಶದ ಅಭ್ಯಾಸವಾಗುತ್ತದೆ. ಚಿಕ್ಕ ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಬೇಕು. ಸುಣ್ಣ, ಬೂದಿ, ಕಾಫಿಪುಡಿಗಳನ್ನು ಒತ್ತಬಾರದು. ನೊಣ ಕುಳಿತು ಹುಳುವಾಗದಂತೆ ನೋಡಿಕೊಳ್ಳಬೇಕು. ಚರ್ಮ ಬಾಯಿಬಿಟ್ಟಿದ್ದರೆ ಹೊಲಿಗೆಯೇ ಬೇಕು.

ಉಣ್ಣೆಗಳು ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಕಂಕುಳಲ್ಲಿ ಅಡಗುತ್ತವೆ. ಅವು ರಕ್ತವನ್ನು ಹೀರುವುದಷ್ಟೇ ಅಲ್ಲ, ರಕ್ತದ ರೋಗಗಳನ್ನೂ ಹರಡುತ್ತವೆ. ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ, ಕಪ್ಪುಗೂಡಿದ ಮೂತ್ರ ಇವು ಕಂಡರೆ ಚಿಕಿತ್ಸೆಗೆ ತಡಮಾಡಬಾರದು. ಹಟ್ಟಿಯ ದನಗಳಿಗೆ ಬಳಸುವ ಉಣ್ಣೆಯ ಔಷಧವನ್ನೇ ನಾಯಿಗೂ ಬಳಿಯುವುದು ಅವಿವೇಕ. ಕೊಬ್ಬು ಕಡಿಮೆಯಿರುವ ಈ ಜಾತಿಯ ನಾಯಿಗಳಿಗೆ ಕೀಟನಾಶಕಗಳು ಬೇಗ ವಿಷವಾಗಬಹುದು. ಔಷಧ ಯಾವುದು, ಪ್ರಮಾಣವೆಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಉದ್ದ ಬೆಳೆದ ಉಗುರು ಓಟದಲ್ಲಿ ಮುರಿಯುವುದರಿಂದ ಆಗಾಗ ತುದಿಯನ್ನು ಕತ್ತರಿಸುತ್ತಿರಬೇಕು. ಹಲ್ಲಿಗೆ ಮೆತ್ತಿದ ಕೊಳೆಯನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಮನುಷ್ಯರ ಟೂತ್‌ಪೇಸ್ಟ್ ನಾಯಿಗೆ ಸಲ್ಲದು.

ಐದನೆಯದು ಲಸಿಕೆ ಮತ್ತು ಚಿಕಿತ್ಸೆ. ಎಳೆಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ರೋಗಕ್ಕೆ ಆರರಿಂದ ಎಂಟು ವಾರಗಳ ವಯಸ್ಸಿನಿಂದಲೇ ಲಸಿಕೆಗಳು ಆರಂಭವಾಗಬೇಕು. ಹುಚ್ಚುನಾಯಿ ರೋಗದ, ಎಂದರೆ ರೇಬೀಸ್ ರೋಗದ, ಲಸಿಕೆಯನ್ನು ಮೂರು ತಿಂಗಳು ತುಂಬಿದಾಗ ಹಾಕಿಸಿ, ಪ್ರತಿವರ್ಷವೂ ತಪ್ಪದೆ ಪುನಃ ಹಾಕಿಸಬೇಕು. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ನಾಯಿಗಾಗಲಿ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಸಾಕಿದ ನಾಯಿಯೆಂಬ ಸಲಿಗೆಯಿಂದಾಗಲಿ, ಹೇಳಿದರೆ ಬೈಯುತ್ತಾರೆಂಬ ಅಂಜಿಕೆಯಿಂದಾಗಲಿ ಮಕ್ಕಳು ಇದನ್ನು ಹಿರಿಯರಿಂದ ಮುಚ್ಚಿಡಬಾರದು.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಗ್ರೇಹೌಂಡಿನ ದೇಹವು ಕೆಲವು ಬಗೆಯ ಅರಿವಳಿಕೆ ಔಷಧಗಳನ್ನು ಬೇಗ ಕರಗಿಸಿ ಹೊರಹಾಕಲಾರದು; ಬೇರೆ ನಾಯಿ ಎಚ್ಚೆತ್ತು ಓಡಾಡುವ ಹೊತ್ತಿನಲ್ಲಿಯೂ ಅದು ಮಂಪರಿನಲ್ಲಿರುತ್ತದೆ. ಮುಧೋಳದ ನಾಯಿಯ ಮೈಕಟ್ಟೂ ಅದೇ ಬಗೆಯದಾದುದರಿಂದ, ಚಿಕಿತ್ಸೆಗೆ ಒಯ್ದವರು ಅದರ ತಳಿಯನ್ನೂ ಸರಿಯಾದ ತೂಕವನ್ನೂ ವೈದ್ಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಸ್ವಭಾವದಲ್ಲಿ ಮುಧೋಳದ ನಾಯಿ ಸಂಕೋಚದ ಪ್ರಾಣಿ. ಅಪರಿಚಿತರು ಮೈಮುಟ್ಟುವುದನ್ನು ಅದು ಒಲ್ಲದು. ತನ್ನವರಲ್ಲಿ ಅದರ ನಿಷ್ಠೆ ಅಪಾರ. ಬೆದರಿಸಿ ಹೊಡೆದು ಅದಕ್ಕೆ ಏನನ್ನೂ ಕಲಿಸಲಾಗದು. ಒಮ್ಮೆ ನಂಬಿಕೆ ಕಳೆದುಕೊಂಡರೆ ಮತ್ತೆ ಹತ್ತಿರ ಬರಲು ಬಹುಕಾಲ ಬೇಕು. ಗಾಢನಿದ್ರೆಯಲ್ಲಿರುವ ನಾಯಿಯನ್ನು ಮಕ್ಕಳು ಹಠಾತ್ತನೆ ಮುಟ್ಟಬಾರದು. ಈ ಜಾತಿಯ ಕೆಲವು ನಾಯಿಗಳು ಕಣ್ಣು ಅರೆತೆರೆದೇ ಮಲಗುವುದರಿಂದ ಎಚ್ಚರವಾಗಿರುವಂತೆ ಕಾಣುತ್ತವೆ. ಬೆಚ್ಚಿಬಿದ್ದಾಗ ಕಚ್ಚುವುದೂ ಉಂಟು. ಮೊದಲು ದೂರದಿಂದ ಹೆಸರು ಹಿಡಿದು ಕರೆಯಬೇಕು. ದೀಪಾವಳಿಯ ದಿನಗಳಲ್ಲಿ ಪಟಾಕಿಯ ಸದ್ದಿಗೆ ಹೆದರಿ ಹಗ್ಗ ಕಿತ್ತುಕೊಂಡು ಓಡಿದ ನಾಯಿಗಳು ದಾರಿ ತಪ್ಪಿ ಮರಳದೆ ಹೋಗುತ್ತವೆ. ಆ ರಾತ್ರಿಗಳಲ್ಲಿ ಅದನ್ನು ಒಳಕೋಣೆಯಲ್ಲಿರಿಸಿ, ಮನೆಯವರೊಬ್ಬರು ಹತ್ತಿರವಿರುವುದು ಲೇಸು. ಕೊರಳಪಟ್ಟಿಯ ಮೇಲೆ ಯಜಮಾನನ ದೂರವಾಣಿ ಸಂಖ್ಯೆಯನ್ನು ಬರೆದಿರಬೇಕು.

ಓಡುವ ನಾಯಿಯನ್ನು ಮೆಚ್ಚುವುದು ಸುಲಭ. ಅದರ ಓಟ ಮುಗಿದ ಮೇಲೆ ಏನಾಗುತ್ತದೆಂಬುದನ್ನು ಜಗತ್ತು ಬಹಳ ಕಾಲ ಯೋಚಿಸಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1926ರಲ್ಲಿ ಯಂತ್ರದ ಮೊಲದ ಹಿಂದೆ ಗ್ರೇಹೌಂಡುಗಳನ್ನು ಓಡಿಸುವ ಪಂದ್ಯ ಆರಂಭವಾಯಿತು. ಲಕ್ಷಾಂತರ ಜನ ಬಾಜಿ ಕಟ್ಟಲು ಸೇರಿದರು. ತಿರುವುಗಳಲ್ಲಿ ಕಾಲು ಮುರಿದುಕೊಂಡ ನಾಯಿಗಳೂ, ವೇಗ ತಗ್ಗಿದ ನಾಯಿಗಳೂ ಬೇಡವಾದ ವಸ್ತುಗಳಂತಾದವು. ಕಾಲಕ್ರಮದಲ್ಲಿ ಜನರ ಮನಸ್ಸು ಬದಲಾಯಿತು. ನಿವೃತ್ತ ಗ್ರೇಹೌಂಡುಗಳನ್ನು ಮನೆಗೆ ಕರೆತಂದು ಸಾಕುವವರು ಹೆಚ್ಚಿದರು. ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು 2018ರಲ್ಲಿ ನಾಯಿಪಂದ್ಯದ ವಿರುದ್ಧ ಮತವಿತ್ತರು. 2020ರ ಅಂತ್ಯಕ್ಕೆ ಅಲ್ಲಿ ಪಂದ್ಯಗಳು ನಿಂತವು.

ನಮ್ಮಲ್ಲಿ ಪಂದ್ಯದ ಹುಚ್ಚು ಅಷ್ಟಾಗಿ ಇಲ್ಲದಿರಬಹುದು. ಪ್ರತಿಷ್ಠೆಯ ಹುಚ್ಚು ಇದೆ. ಅಂಚೆಚೀಟಿಯಲ್ಲಿ, ಸೇನೆಯಲ್ಲಿ ಹೆಸರು ಪಡೆದ ನಾಯಿ ತನ್ನ ಬಾಗಿಲಲ್ಲಿಯೂ ಇರಲೆಂದು ಮರಿಯನ್ನು ತಂದವರು, ಅದು ಬೆಳೆದು ಓಟವನ್ನೂ ಜಾಗವನ್ನೂ ಕೇಳಿದಾಗ ಬೇಸತ್ತು ದೂರದ ರಸ್ತೆಯಲ್ಲಿ ಇಳಿಸಿ ಬರುವುದುಂಟು. ಇದೂ ಕಾಯಿದೆಯ ದೃಷ್ಟಿಯಲ್ಲಿ ಅಪರಾಧ. ಬೀದಿಯ ಬದುಕನ್ನು ಅರಿಯದ, ತೆಳುಚರ್ಮದ, ಮೋಟಾರಿನ ಭಯವಿಲ್ಲದ ಆ ನಾಯಿ ಅಲ್ಲಿ ಎಷ್ಟು ದಿನ ಬಾಳೀತು? ಮರಿಯನ್ನು ತರುವ ಮೊದಲೇ ಮನೆಯವರು ತಮ್ಮಲ್ಲಿ ಬೇಲಿಯಿರುವ ಜಾಗವಿದೆಯೆ, ದಿನಕ್ಕೆರಡು ಬಾರಿ ನಡೆಸುವ ಬಿಡುವಿದೆಯೆ, ವೈದ್ಯರ ವೆಚ್ಚವನ್ನು ಭರಿಸುವ ಅನುಕೂಲವಿದೆಯೆ ಎಂದು ಕೇಳಿಕೊಳ್ಳಬೇಕು. ಇಲ್ಲವೆಂಬ ಉತ್ತರ ಬಂದರೆ ಈ ನಾಯಿಯನ್ನು ತರದಿರುವುದೇ ಅದಕ್ಕೆ ಮಾಡುವ ಉಪಕಾರ.

ಚೆನ್ನಾಗಿ ನೋಡಿಕೊಂಡರೆ ಮುಧೋಳದ ನಾಯಿ ಹನ್ನೆರಡು ವರ್ಷಗಳ ಆಸುಪಾಸು ಬದುಕುತ್ತದೆ. ಅದರಲ್ಲಿ ಮಿಂಚಿನಂತೆ ಓಡುವ ವರ್ಷಗಳು ಅರ್ಧಕ್ಕಿಂತ ಕಡಿಮೆ. ಮೂತಿಯ ಕೂದಲು ನರೆತು, ಕಣ್ಣಿಗೆ ಪೊರೆ ಬಂದು, ಮೆಟ್ಟಿಲು ಹತ್ತಲು ಹಿಂಜರಿಯುವ ವರ್ಷಗಳೂ ಬರುತ್ತವೆ. ಆಗ ಅದಕ್ಕೆ ಬೇಕಾದುದು ಮೆದುವಾದ ಊಟ, ದಪ್ಪನಾದ ಹಾಸಿಗೆ, ಬಿಸಿಲು ಬೀಳುವ ಮೂಲೆ, ಸಂಜೆ ಬೀದಿಯ ಕೊನೆಯವರೆಗೆ ನಿಧಾನವಾದ ನಡಿಗೆ. ಒಂದು ಕಾಲಕ್ಕೆ ಹಗ್ಗವನ್ನು ಎಳೆದುಕೊಂಡು ಮುಂದೆ ಓಡುತ್ತಿದ್ದ ನಾಯಿ ಈಗ ಹಿಂದೆ ಉಳಿಯುತ್ತದೆ. ಹಗ್ಗ ಹಿಡಿದವನು ತನ್ನ ಹೆಜ್ಜೆಯನ್ನು ಅದರ ಹೆಜ್ಜೆಗೆ ಹೊಂದಿಸಿಕೊಂಡು ನಡೆಯಬೇಕು.

ಅಭ್ಯಾಸ

ಅ. ಪದಗಳ ಅರ್ಥ
ಉರುಳು – ಪ್ರಾಣಿಗಳನ್ನು ಹಿಡಿಯಲು ಒಡ್ಡುವ ಕುಣಿಕೆ
ಏದು – ಮೇಲುಸಿರು ಬಿಡು
ದಡ್ಡುಗಟ್ಟು – ಚರ್ಮ ಗಟ್ಟಿಯಾಗು
ಅರಿವಳಿಕೆ – ಶಸ್ತ್ರಚಿಕಿತ್ಸೆಗೆ ಮುನ್ನ 

ಪ್ರಜ್ಞೆ ತಪ್ಪಿಸುವ ಔಷಧ
ಬಾಜಿ – ಪಣ

ಆ. ಒಂದು ವಾಕ್ಯದಲ್ಲಿ ಉತ್ತರಿಸಿ
1. ಮಣಲೇರನು ಚಕ್ರವರ್ತಿಯಿಂದ ಏನನ್ನು ಕೇಳಿ ಪಡೆದನು?
2. ಮುಧೋಳದ ನಾಯಿಯ ಶುದ್ಧ ತಳಿಯನ್ನು ಕಾಪಾಡುವ ಕೇಂದ್ರ ಎಲ್ಲಿದೆ?
3. ಸಾರು ಕಲಸಿದ ಮುದ್ದೆಯನ್ನು ನಾಯಿಗೆ ಏಕೆ ಹಾಕಬಾರದು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ
1. ಮುಧೋಳದ ನಾಯಿಗೆ ಸಾಮಾನ್ಯ ಬೆಲ್ಟು ಏಕೆ ಒಗ್ಗುವುದಿಲ್ಲ? ಯಾವ ಬಗೆಯ ಕೊರಳಪಟ್ಟಿ ಬೇಕು?
2. ಬಿಸಿಲಿನ ಆಘಾತದ ಲಕ್ಷಣಗಳಾವುವು? ಆಗ ಏನು ಮಾಡಬೇಕು?
3. ನಾಯಿ ಕಚ್ಚಿದಾಗ ಅನುಸರಿಸಬೇಕಾದ ಕ್ರಮವನ್ನು ತಿಳಿಸಿ.

ಈ. ಸಂದರ್ಭದೊಡನೆ ವಿವರಿಸಿ
1. "ನಾಯಿಗೆ ಕಾನೂನು ತಿಳಿಯದು, ಹಗ್ಗವನ್ನು ಬಿಚ್ಚಿದ ಕೈಗೆ ತಿಳಿದಿರಬೇಕು."
2. "ಈ ನಾಯಿಯನ್ನು ತರದಿರುವುದೇ ಅದಕ್ಕೆ ಮಾಡುವ ಉಪಕಾರ."

ಉ. ಚಟುವಟಿಕೆ
ನಿಮ್ಮ ಊರಿನಲ್ಲಿ ನಾಯಿಗಳಿಗೆ ಅಪಾಯ ತರುವ ಸ್ಥಳಗಳನ್ನು ಗುರುತಿಸಿ, ಅವುಗಳನ್ನು ಸರಿಪಡಿಸುವ ಬಗೆಯನ್ನು ಒಂದು ಪುಟಕ್ಕೆ ಮೀರದಂತೆ ಬರೆಯಿರಿ.